ವಿದ್ಯುತ್ ಇಂಜಿನಿಯರಿಂಗ್ ವ್ಯಾಸಂಗಕ್ರಮ ಮತ್ತು ಕನ್ನಡ: ಒಂದು ಚಾರಿತ್ರಿಕ ಅವಲೋಕನ

೧. ಪ್ರವೇಶ

ಕನ್ನಡ ನಾಡಿನ ವಿದ್ಯುತ್ತಿನ ಚರಿತ್ರೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ಜಲಪಾತ, ಅಣೆಕಟ್ಟು, ದಿವಾನರು ಮತ್ತು ಮುಖ್ಯ ಇಂಜಿನಿಯರುಗಳ ಸುತ್ತ ಬೆಳೆದಿವೆ. ಶಿವನಸಮುದ್ರದಲ್ಲಿ ಯಂತ್ರಗಳು ತಿರುಗತೊಡಗಿದ ವರ್ಷವನ್ನು ಬಲ್ಲವರು ಅನೇಕರಿದ್ದಾರೆ. ಆ ಯಂತ್ರಗಳ ವಿದ್ಯೆಯನ್ನು ಯಾವ ಕೊಠಡಿಯಲ್ಲಿ, ಯಾವ ಅನುಕ್ರಮದಲ್ಲಿ, ಯಾವ ಭಾಷೆಯಲ್ಲಿ ಕಲಿಸಲಾಯಿತು ಎಂದು ಕೇಳಿದವರು ವಿರಳ. ವಿಶ್ವವಿದ್ಯಾಲಯದ ಪಠ್ಯಕ್ರಮವೆಂಬುದು ಪರೀಕ್ಷೆ ಮುಗಿದ ಮೇಲೆ ಎಸೆಯುವ ಕಾಗದವೆಂದೇ ನಮ್ಮಲ್ಲಿ ಭಾವಿಸಲಾಗಿದೆ. ಆದರೆ ಶಾಸನವನ್ನು, ಕಡತವನ್ನು, ಲೆಕ್ಕಪುಸ್ತಕವನ್ನು ಓದುವಂತೆ ಪಠ್ಯಕ್ರಮವನ್ನೂ ಓದಲು ಸಾಧ್ಯವಿದೆ. ಒಂದು ಸಮಾಜ ತನ್ನ ತರುಣರಿಂದ ಯಾವ ಕೆಲಸವನ್ನು ನಿರೀಕ್ಷಿಸಿತು ಎಂಬುದಕ್ಕೆ ಅದಕ್ಕಿಂತ ನೇರವಾದ ಸಾಕ್ಷ್ಯ ಬೇರೊಂದಿಲ್ಲ.

ಪ್ರಸ್ತುತ ಲೇಖನದಲ್ಲಿ ವಿದ್ಯುತ್ ಇಂಜಿನಿಯರಿಂಗ್ ವ್ಯಾಸಂಗವು ಬೆಂಗಳೂರಿನಲ್ಲಿಯೂ ಹೊರನಾಡ ಕನ್ನಡಿಗರು ನೆಲೆಸಿರುವ ಕೆಲವು ನಗರಗಳಲ್ಲಿಯೂ ಹೇಗೆ ರೂಪುಗೊಂಡಿತೆಂಬುದನ್ನು ಸ್ಥೂಲವಾಗಿ ಪರಿಶೀಲಿಸಿದ್ದೇವೆ. ನಮ್ಮ ಪ್ರತಿಪಾದನೆ ಇಷ್ಟು: ಪಠ್ಯಕ್ರಮದ ವಿಷಯವನ್ನು ಶಾಸ್ತ್ರದ ಆಂತರಿಕ ತರ್ಕವೊಂದೇ ನಿರ್ಧರಿಸುವುದಿಲ್ಲ, ಸಮೀಪದ ಉದ್ಯೋಗವೂ ನಿರ್ಧರಿಸುತ್ತದೆ, ಹಾಗೆಯೇ ಪಠ್ಯಕ್ರಮದ ಭಾಷೆಯನ್ನು ವಿದ್ಯಾರ್ಥಿಯ ಮನೆಮಾತಾಗಲಿ ಭಾಷೆಯ ಸಾಮರ್ಥ್ಯವಾಗಲಿ ನಿರ್ಧರಿಸುವುದಿಲ್ಲ, ಉದ್ಯೋಗಸ್ಥಳದ ಕಡತದ ಭಾಷೆ ನಿರ್ಧರಿಸುತ್ತದೆ.

೨. ಶಾಸ್ತ್ರದ ಹುಟ್ಟು

ವಿದ್ಯುತ್ ಇಂಜಿನಿಯರಿಂಗ್ ಪ್ರತ್ಯೇಕ ವ್ಯಾಸಂಗವಾಗಿ ಮೈದಳೆದುದು ೧೮೮೦ರ ದಶಕದಲ್ಲಿ. ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿದ್ಯಾಲಯ ೧೮೮೨ರಲ್ಲಿ ಈ ವಿಷಯಕ್ಕೆಂದೇ ಒಂದು ಪೀಠವನ್ನು ಸ್ಥಾಪಿಸಿ ಎರಾಸ್ಮಸ್ ಕಿಟ್ಲರ್ ಅವರನ್ನು ನೇಮಿಸಿತು. ಅದೇ ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಭೌತಶಾಸ್ತ್ರ ವಿಭಾಗದ ಆಶ್ರಯದಲ್ಲಿಯೇ ವಿದ್ಯುತ್ ವ್ಯಾಸಂಗ ಆರಂಭವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ೧೮೮೫ರಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಪ್ರಾಧ್ಯಾಪಕರಾದರು. ಸಿವಿಲ್ ಇಂಜಿನಿಯರಿಂಗ್ ಕಾಮಗಾರಿಯಿಂದ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಕಮ್ಮಟದಿಂದ ಬೆಳೆದು ಬಂದವು. ಇದಾದರೋ ಭೌತಶಾಸ್ತ್ರದ ಪ್ರಯೋಗಶಾಲೆಯಿಂದ ಹೊರಬಂದ ಕೂಸು. ಮೊದಲು ಗಣಿತ, ಬಳಿಕ ವಿದ್ಯುತ್ ಮತ್ತು ಕಾಂತತ್ವ, ಅನಂತರ ಯಂತ್ರಗಳು ಎಂಬ ಪಾಠಗಳ ಅನುಕ್ರಮದಲ್ಲಿ ಈ ಕುಲಮೂಲದ ಗುರುತು ಇಂದಿಗೂ ಅಳಿಸಿಲ್ಲ.

ಆರಂಭದ ಪಾಠಗಳಲ್ಲಿ ತಂತಿ ವರ್ತಮಾನ, ಬ್ಯಾಟರಿ ಮತ್ತು ಏಕಮುಖ ವಿದ್ಯುತ್ತಿನ ಯಂತ್ರಗಳಿಗೆ ಪ್ರಾಧಾನ್ಯವಿತ್ತು. ಪರ್ಯಾಯ ವಿದ್ಯುತ್ತು ಬಂದೊಡನೆ ಲೆಕ್ಕಾಚಾರ ಬಿಗಿಯಾಯಿತು. ಕ್ಷಣಕ್ಷಣಕ್ಕೂ ಏರಿಳಿಯುವ ಪ್ರವಾಹವನ್ನು ಸಾಮಾನ್ಯ ಬೀಜಗಣಿತದಿಂದ ಹಿಡಿಯುವುದು ಕಷ್ಟ. ೧೮೯೩ರಲ್ಲಿ ಶಿಕಾಗೋದಲ್ಲಿ ನಡೆದ ಅಂತಾರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಅವರು ಸಂಕೀರ್ಣ ಸಂಖ್ಯೆಗಳ ನೆರವಿನಿಂದ ಈ ಲೆಕ್ಕವನ್ನು ಸರಳಗೊಳಿಸುವ ವಿಧಾನವನ್ನು ಮಂಡಿಸಿದರು. ರೋಧವನ್ನೂ ಪ್ರೇರಣೆಯನ್ನೂ ಒಂದೇ ರಾಶಿಯಲ್ಲಿ ಅಡಕಗೊಳಿಸುವ ಈ ವಿಧಾನವು ಮುಂದೆ ಜಗತ್ತಿನ ಎಲ್ಲ ವಿದ್ಯುತ್ ತರಗತಿಗಳ ಮೊದಲ ಪಾಠಗಳಲ್ಲಿ ಸ್ಥಾನ ಪಡೆಯಿತು. ಕನ್ನಡ ನಾಡಿಗೆ ವಿದ್ಯುತ್ತು ಬಂದುದು ಇದಾದ ಒಂಬತ್ತೇ ವರ್ಷಗಳಿಗೆ ಎಂಬುದು ಗಮನಾರ್ಹ. ಶಾಸ್ತ್ರವೂ ಅದರ ಪ್ರಯೋಗವೂ ಏಕಕಾಲದಲ್ಲಿ ಎಳೆಯವಾಗಿದ್ದವು.

೩. ಮೊದಲು ಕೇಂದ್ರ, ಆಮೇಲೆ ಕೊಠಡಿ

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಕಾಲದಲ್ಲಿ ರೂಪುಗೊಂಡ ಕಾವೇರಿ ವಿದ್ಯುತ್ ಯೋಜನೆಯು ೧೯೦೨ರ ಜೂನ್ ತಿಂಗಳಿನಲ್ಲಿ ಕಾರ್ಯಾರಂಭ ಮಾಡಿತು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಡಿ ಲಾಟ್‌ಬಿನಿಯರ್ ಅವರು ಇದರ ಕರ್ತೃ. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯವು, ನೀರಿನ ಚಕ್ರಗಳು ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಸಂಸ್ಥೆಯವು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳವರೆಗಿನ ೯೨ ಮೈಲಿಗಳ ತಂತಿಮಾರ್ಗವು ಆ ಕಾಲದ ಜಗತ್ತಿನ ಅತಿ ದೀರ್ಘ ಮಾರ್ಗಗಳಲ್ಲಿ ಒಂದಾಗಿತ್ತು. ೧೯೦೫ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುದ್ದೀಪ ಬಂದಿತು.

ಈ ತಂತಿಮಾರ್ಗವೇ ಒಂದು ಪಾಠ. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿಯು ಪ್ರವಾಹದ ವರ್ಗವನ್ನು ಅನುಸರಿಸುತ್ತದೆ. ಅಷ್ಟೇ ಶಕ್ತಿಯನ್ನು ಹತ್ತು ಪಟ್ಟು ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ ಹತ್ತನೆಯ ಒಂದು ಪಾಲಾಗುತ್ತದೆ, ಅದೇ ತಂತಿಯಲ್ಲಿ ನಷ್ಟ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಮೂವತ್ತು ಸಾವಿರ ವೋಲ್ಟಿಗೆ ಕಡಿಮೆಯಿಲ್ಲದ ಒತ್ತಡವನ್ನು ಆ ಮಾರ್ಗಕ್ಕೆ ಆಯ್ದುಕೊಳ್ಳಲು ಕಾರಣವಿದೇ. ಹಾಗೆ ಏರಿಸಿದ ಒತ್ತಡವನ್ನು ಗಣಿಯ ಬಳಿ ಇಳಿಸಬೇಕು, ಪಿಂಗಾಣಿ ಅವಾಹಕಗಳ ಮೇಲೆ ತಂತಿಯನ್ನು ಕಾಯಬೇಕು, ಸಿಡಿಲಿನಿಂದ ಯಂತ್ರವನ್ನು ರಕ್ಷಿಸಬೇಕು. ಮುಂದೆ ಕಾಲೇಜುಗಳಲ್ಲಿ ವಿದ್ಯುತ್ ಪ್ರಸರಣವೆಂಬ ವಿಷಯದಡಿ ಕಲಿಸಲಾದುದೆಲ್ಲವೂ ೧೯೦೨ರಲ್ಲಿಯೇ ಮಂಡ್ಯ, ಕೋಲಾರಗಳ ಬಯಲಿನಲ್ಲಿ ಪ್ರತ್ಯಕ್ಷವಾಗಿದ್ದಿತು. ಇಲ್ಲದೇ ಇದ್ದುದು ಅದನ್ನು ಕಲಿಸುವ ಕೊಠಡಿ. ಒಂಬತ್ತು ವರ್ಷಗಳ ಕಾಲ ನಾಡಿನಲ್ಲಿ ವಿದ್ಯುತ್ತು ಇದ್ದು ವಿದ್ಯುತ್ತಿನ ಉನ್ನತ ವ್ಯಾಸಂಗ ಇರಲಿಲ್ಲ. ಈ ಅವಧಿಯಲ್ಲಿ ಸ್ಥಳೀಯರು ಕಲಿತದ್ದು ಕೇಂದ್ರದಲ್ಲಿ, ಕಂಬದ ಮೇಲೆ, ಕೈಯಿಂದ.

೪. ಭಾರತೀಯ ವಿಜ್ಞಾನ ಸಂಸ್ಥೆ

ಜೆಮ್‌ಶೆಟ್‌ಜಿ ಟಾಟಾ ಅವರ ಸಂಕಲ್ಪದಿಂದ ಹುಟ್ಟಿದ ಸಂಸ್ಥೆಯ ಸ್ಥಾಪನಾದೇಶ ೧೯೦೯ರ ಮೇ ತಿಂಗಳಿನಲ್ಲಿ ಹೊರಬಿದ್ದಿತು. ಮೈಸೂರು ಸರ್ಕಾರ ೩೭೧ ಎಕರೆ ಭೂಮಿಯನ್ನು ನೀಡಿತ್ತು. ಮಾರಿಸ್ ಟ್ರಾವರ್ಸ್ ಮೊದಲ ನಿರ್ದೇಶಕರು. ೧೯೧೧ರ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಾಗ ರಸಾಯನಶಾಸ್ತ್ರದ ಶಾಖೆಗಳೊಡನೆ ವಿದ್ಯುತ್ ತಂತ್ರಶಾಸ್ತ್ರಕ್ಕೂ ಒಂದು ವಿಭಾಗವಿತ್ತು. ಪರ್ಯಾಯ ವಿದ್ಯುತ್ತನ್ನು ಕುರಿತ ಗ್ರಂಥದ ಕರ್ತೃ ಆಲ್ಫ್ರೆಡ್ ಹೇ ಅದರ ಮೊದಲ ಪ್ರಾಧ್ಯಾಪಕರು. ಸಿವಿಲ್ ಇಂಜಿನಿಯರಿಂಗನ್ನಾಗಲಿ ಮೆಕ್ಯಾನಿಕಲ್ ಇಂಜಿನಿಯರಿಂಗನ್ನಾಗಲಿ ಆಯ್ದುಕೊಳ್ಳದ ಸಂಸ್ಥೆಯೊಂದು ಆರಂಭದಲ್ಲಿಯೇ ವಿದ್ಯುತ್ ಶಾಖೆಯನ್ನು ಆಯ್ದುಕೊಂಡದ್ದು ಆಕಸ್ಮಿಕವಲ್ಲ. ಶಿವನಸಮುದ್ರದ ವಿದ್ಯುತ್ತು ಕೈಗೆಟುಕುವ ದೂರದಲ್ಲಿತ್ತು. ಟಾಟಾ ಮನೆತನ ಪಶ್ಚಿಮ ಘಟ್ಟಗಳಲ್ಲಿ ಜಲವಿದ್ಯುತ್ ಯೋಜನೆಯೊಂದನ್ನು ಕೈಗೊಂಡಿತ್ತು.

ಈ ಸಂಸ್ಥೆಗೆ ೧೯೫೮ರವರೆಗೆ ಪದವಿ ನೀಡುವ ಅಧಿಕಾರವಿರಲಿಲ್ಲವೆಂಬುದನ್ನು ಸಂಶೋಧಕರು ನೆನಪಿಡಬೇಕು. ಪದವಿಯ ಹೆಸರಿಲ್ಲದೆಯೂ ವಿದ್ಯುತ್ ತಂತ್ರಶಾಸ್ತ್ರದ ಪ್ರಮಾಣಪತ್ರಕ್ಕೆ ಬೆಲೆಯಿದ್ದುದು ಉದ್ಯೋಗದಾತರು ಅದನ್ನು ಮಾನ್ಯ ಮಾಡಿದುದರಿಂದ. ವಿದ್ಯಾರ್ಥಿಗಳು ಮುಂಬಯಿ, ಮದರಾಸು, ಬಂಗಾಳ, ಪಂಜಾಬುಗಳಿಂದ ಬರುತ್ತಿದ್ದರು. ಬೋಧಕರಲ್ಲಿ ಹಲವರು ಇಂಗ್ಲೆಂಡಿನವರು. ಸಂಸ್ಥೆ ಕನ್ನಡ ನಾಡಿನ ನಡುವೆ ಇದ್ದರೂ ಅದರ ತರಗತಿ ಅಖಿಲ ಭಾರತದ್ದು. ಕನ್ನಡಕ್ಕೆ ಅಲ್ಲಿ ಎಡೆಯಿರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ.

ಮೈಸೂರು ವಿಶ್ವವಿದ್ಯಾಲಯದ ಸಂಗತಿ ಬೇರೆ. ೧೯೧೬ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾಲಯ ನಾಡಿನದೇ. ದಿವಾನ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ೧೯೧೭ರಲ್ಲಿ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ಆರಂಭದಲ್ಲಿ ಅಲ್ಲಿದ್ದವು ಸಿವಿಲ್ ಮತ್ತು ಮೆಕ್ಯಾನಿಕಲ್ ಶಾಖೆಗಳು. ಇಲ್ಲಿ ಬೋಧನಾಭಾಷೆಯನ್ನು ಕುರಿತು ಬೇರೆ ನಿರ್ಧಾರ ತಾತ್ತ್ವಿಕವಾಗಿಯಾದರೂ ಸಾಧ್ಯವಿದ್ದಿತು. ಅದೇಕೆ ಆಗಲಿಲ್ಲವೆಂಬುದನ್ನು ಮುಂದೆ ಪರಿಶೀಲಿಸಲಾಗುವುದು.

೫. ಇತರ ನಗರಗಳು

ಕೇಂದ್ರಕ್ಕೂ ಕೊಠಡಿಗೂ ಇರುವ ಈ ಸಂಬಂಧ ಬೆಂಗಳೂರಿಗಷ್ಟೇ ಸೀಮಿತವೇ ಎಂಬುದನ್ನು ತಿಳಿಯಲು ಇತರ ನಗರಗಳನ್ನು ಗಮನಿಸಬೇಕಾಗುತ್ತದೆ.

ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆ ಸ್ಥಾಪನೆಯಾದುದು ೧೮೮೭ರಲ್ಲಿ. ಗಿರಣಿಗಳ ನಗರದ ಈ ಸಂಸ್ಥೆಯಲ್ಲಿ ಯಂತ್ರ ಹಾಗೂ ಜವಳಿ ವಿದ್ಯೆಗಳದೇ ಮೇಲುಗೈಯಾಗಿದ್ದುದು ಸಹಜ. ೧೯೧೫ರಲ್ಲಿ ಖೋಪೋಲಿಯ ಟಾಟಾ ಜಲವಿದ್ಯುತ್ ಕೇಂದ್ರದಿಂದ ಮುಂಬಯಿಯ ಗಿರಣಿಗಳಿಗೆ ಶಕ್ತಿ ಹರಿಯತೊಡಗಿದ ಬಳಿಕ ಗಿರಣಿಯ ಉಗಿಯಂತ್ರದ ಸ್ಥಾನವನ್ನು ಮೋಟಾರು ಆಕ್ರಮಿಸುತ್ತ ಹೋಯಿತು. ಯಂತ್ರ ಬಲ್ಲವನು ಮೋಟಾರನ್ನೂ ಬಲ್ಲವನಾಗಬೇಕಾಯಿತು. ೧೯೨೩ರಲ್ಲಿ ಸಂಸ್ಥೆ ಮಾಟುಂಗಕ್ಕೆ ಸ್ಥಳಾಂತರಗೊಂಡಿತು. ಕನ್ನಡಿಗರೂ ತಮಿಳರೂ ನೆಲೆಸಿದ ಅದೇ ಬಡಾವಣೆಯಲ್ಲಿ ಮುಂಬಯಿ ಕನ್ನಡಿಗರ ಸಾಂಸ್ಕೃತಿಕ ಜೀವನವೂ ಬೇರೂರಿತು. ವಿಶ್ವೇಶ್ವರಯ್ಯನವರು ಕಲಿತ ಪುಣೆಯ ಕಾಲೇಜಿನಲ್ಲಿ ವಿದ್ಯುತ್ ಶಾಖೆಯ ಪದವಿ ಬಂದುದು ೧೯೩೦ರ ದಶಕದ ಆದಿಯಲ್ಲಿ.

ಮದರಾಸಿನ ಗಿಂಡಿ ಕಾಲೇಜು ಇನ್ನೂ ಸ್ಪಷ್ಟವಾದ ನಿದರ್ಶನ. ಅಲ್ಲಿ ೧೮೯೪ರಲ್ಲಿಯೇ ಮೆಕ್ಯಾನಿಕಲ್ ಶಾಖೆ ಬಂದಿದ್ದರೂ ವಿದ್ಯುತ್ ಶಾಖೆಗೆ ೧೯೩೦ರವರೆಗೆ ಕಾಯಬೇಕಾಯಿತು. ಆ ಹೊತ್ತಿಗೆ ನೀಲಗಿರಿಯ ಪೈಕಾರಾ ಯೋಜನೆ ನಿರ್ಮಾಣದ ಹಂತದಲ್ಲಿತ್ತು. ೧೯೩೨ರಲ್ಲಿ ಪೈಕಾರಾ, ೧೯೩೭ರಲ್ಲಿ ಮೆಟ್ಟೂರು ವಿದ್ಯುತ್ತನ್ನು ನೀಡಿದವು. ಶಾಖೆಯ ಆರಂಭವನ್ನೂ ಯೋಜನೆಗಳ ಕಾಲವನ್ನೂ ಒಟ್ಟಿಗಿಟ್ಟು ನೋಡಿದರೆ ಸಂಬಂಧ ತಾನಾಗಿ ತೋರುತ್ತದೆ. ಇದೇ ಕಾಲೇಜಿನಲ್ಲಿ ೧೯೪೦ರಲ್ಲಿ ವಿದ್ಯುತ್ ಶಾಖೆಗೆ ಸೇರಿದ ಎ. ಲಲಿತಾ ಅವರು ಭಾರತದ ಮೊದಲ ಮಹಿಳಾ ಇಂಜಿನಿಯರುಗಳಲ್ಲಿ ಒಬ್ಬರು. ಅವರ ಪದವಿಪತ್ರದಲ್ಲಿ ಅಚ್ಚಾಗಿದ್ದ ಪುಲ್ಲಿಂಗದ ಸರ್ವನಾಮವನ್ನು ಕೈಬರಹದಲ್ಲಿ ಸ್ತ್ರೀಲಿಂಗಕ್ಕೆ ತಿದ್ದಬೇಕಾಯಿತು. ವಿದ್ಯಾಸಂಸ್ಥೆಯೊಂದು ಯಾರನ್ನು ನಿರೀಕ್ಷಿಸಿರಲಿಲ್ಲವೆಂಬುದು ಅದರ ಅಚ್ಚಿನ ನಮೂನೆಯಲ್ಲಿಯೇ ದಾಖಲಾಗಿರುತ್ತದೆ.

ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯವು ೧೯೧೯ರಲ್ಲಿ ಚಾರ್ಲ್ಸ್ ಕಿಂಗ್ ಅವರ ನೇತೃತ್ವದಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆದು ಮೆಕ್ಯಾನಿಕಲ್ ಮತ್ತು ವಿದ್ಯುತ್ ವಿದ್ಯೆಗಳನ್ನು ಜೊತೆಗೂಡಿಸಿ ಕಲಿಸಿತು. ಆ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಕಾಶಿಯ ಸಮೀಪದಲ್ಲಿ ಶಿವನಸಮುದ್ರದಂತಹ ಕೇಂದ್ರವಿರಲಿಲ್ಲ. ಉದ್ಯೋಗವನ್ನು ಅನುಸರಿಸದೆ ರಾಷ್ಟ್ರದ ಔದ್ಯೋಗಿಕ ಭವಿಷ್ಯವನ್ನು ಕಲ್ಪಿಸಿಕೊಂಡು ರಚಿಸಿದ ವ್ಯಾಸಂಗವೆಂದು ಇದನ್ನು ನಾವು ಪ್ರತ್ಯೇಕಿಸಿ ಕಾಣಬಹುದು. ನಮ್ಮ ಪ್ರತಿಪಾದನೆಗೆ ಇದು ಒಂದು ಮಿತಿಯನ್ನು ಹಾಕುತ್ತದೆ. ಆದರೆ ಅದನ್ನು ಕೆಡವುವುದಿಲ್ಲ.

೬. ಶಕ್ತಿಯಿಂದ ಸಂದೇಶಕ್ಕೆ

ಎರಡನೆಯ ಮಹಾಯುದ್ಧ ವ್ಯಾಸಂಗದ ಸ್ವರೂಪವನ್ನು ಬದಲಾಯಿಸಿತು. ರೇಡಿಯೊ ಮತ್ತು ರೇಡಾರ್ ಯುದ್ಧದ ಅಗತ್ಯಗಳಾದವು. ಗಿಂಡಿಯಲ್ಲಿ ೧೯೪೫ರಲ್ಲಿ ದೂರಸಂಪರ್ಕದ ಶಾಖೆ ಬಂದಿತು. ಬೆಂಗಳೂರಿನ ಸಂಸ್ಥೆಯಲ್ಲಿ ೧೯೪೬ರಲ್ಲಿ ವಿದ್ಯುತ್ ಸಂಪರ್ಕ ಇಂಜಿನಿಯರಿಂಗ್ ಸ್ವತಂತ್ರ ವಿಭಾಗವಾಯಿತು. ಬೆಂಗಳೂರಿನಲ್ಲಿ ಭಾರತೀಯ ದೂರವಾಣಿ ಉದ್ಯಮ ೧೯೪೮ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ೧೯೫೪ರಲ್ಲಿ ಸ್ಥಾಪನೆಗೊಂಡವು. ಜಲಪಾತದ ಕಾಲದಲ್ಲಿ ಕೇಂದ್ರ ಮೊದಲು, ಕೊಠಡಿ ಆಮೇಲೆ. ಈಗ ಕೊಠಡಿ ಮೊದಲು, ಕಾರ್ಖಾನೆ ಆಮೇಲೆ. ಬೆಂಗಳೂರು ಎಲೆಕ್ಟ್ರಾನಿಕ್ಸ್ ನಗರವಾದುದರ ಮೂಲವನ್ನು ಹುಡುಕುವವರು ಈ ಹಿಂದುಮುಂದನ್ನು ಗಮನಿಸಬೇಕು.

ಈ ವಿಭಾಗದಲ್ಲಿ ವಿದ್ಯುತ್ಕಾಂತ ಸಿದ್ಧಾಂತವನ್ನೂ ಮೈಕ್ರೋತರಂಗ ಇಂಜಿನಿಯರಿಂಗನ್ನೂ ದಶಕಗಳ ಕಾಲ ಬೋಧಿಸಿದವರು ರಾಜೇಶ್ವರಿ ಚಟರ್ಜಿ. ಕನ್ನಡ ನಾಡಿನಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಕಲಿತು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ೧೯೫೩ರಲ್ಲಿ ಸಂಸ್ಥೆಯ ಅಧ್ಯಾಪಕವರ್ಗವನ್ನು ಸೇರಿದ ಇವರು ಮುಂದೆ ವಿಭಾಗದ ಮುಖ್ಯಸ್ಥರೂ ಆದರು. ೨೦೧೦ರಲ್ಲಿ ನಿಧನರಾದ ಇವರ ಬೋಧನಾಜೀವನ ಕನ್ನಡದಲ್ಲಿ ವಿಸ್ತಾರವಾದ ಅಧ್ಯಯನಕ್ಕೆ ಅರ್ಹವಾದ ವಿಷಯ. ೧೯೫೧ರಿಂದ ೧೯೬೧ರೊಳಗೆ ಖರಗಪುರ, ಮುಂಬಯಿ, ಮದರಾಸು, ಕಾನ್ಪುರ ಮತ್ತು ದೆಹಲಿಗಳಲ್ಲಿ ಸ್ಥಾಪಿತವಾದ ತಾಂತ್ರಿಕ ಸಂಸ್ಥೆಗಳು ಇದೇ ದಿಕ್ಕಿನಲ್ಲಿ ಮುಂದುವರಿದವು: ಕಮ್ಮಟದ ಪಾಠಕ್ಕಿಂತ ಗಣಿತ ಮತ್ತು ಭೌತಶಾಸ್ತ್ರಕ್ಕೆ ಒತ್ತು, ಯಂತ್ರಕ್ಕಿಂತ ಮಂಡಲ ಮತ್ತು ವ್ಯವಸ್ಥೆಗಳ ಸಿದ್ಧಾಂತಕ್ಕೆ ಒತ್ತು.

೭. ಭಾಷೆಯ ಪ್ರಶ್ನೆ

ಇಂಜಿನಿಯರಿಂಗ್ ವಿದ್ಯೆಯನ್ನು ದೇಶಭಾಷೆಯಲ್ಲಿ ಕಲಿಸುವುದು ಅಸಾಧ್ಯವೆಂಬ ಮಾತನ್ನು ಚರಿತ್ರೆ ಒಪ್ಪುವುದಿಲ್ಲ. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ೧೯೧೮ರಲ್ಲಿ ಸ್ಥಾಪನೆಯಾದಾಗಲೇ ಉರ್ದುವನ್ನು ಬೋಧನಾಭಾಷೆಯಾಗಿ ಸ್ವೀಕರಿಸಿತ್ತು. ಅದಕ್ಕೂ ಒಂದು ವರ್ಷ ಮೊದಲೇ ಅನುವಾದ ಶಾಖೆಯೊಂದನ್ನು ತೆರೆದು ಪಠ್ಯಗ್ರಂಥಗಳನ್ನೂ ಪಾರಿಭಾಷಿಕ ಪದಗಳನ್ನೂ ಸಿದ್ಧಗೊಳಿಸಲು ವ್ಯವಸ್ಥೆ ಮಾಡಲಾಗಿತ್ತು. ೧೯೨೯ರಲ್ಲಿ ಅಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ೧೯೪೮ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡ ತರುವಾಯ ಉರ್ದುವಿನ ಸ್ಥಾನವನ್ನು ಇಂಗ್ಲಿಷ್ ಆಕ್ರಮಿಸಿತು.

ಈ ಪ್ರಯೋಗವನ್ನು ಮಾತೃಭಾಷಾ ಶಿಕ್ಷಣದ ವಿಜಯವೆಂದು ಬಣ್ಣಿಸುವುದುಂಟು. ಅದನ್ನು ಎಚ್ಚರಿಕೆಯಿಂದ ಒಪ್ಪಬೇಕು. ರಾಯಚೂರು, ಕಲಬುರಗಿ, ಬೀದರಗಳ ಕನ್ನಡ ಮನೆಯ ಹುಡುಗನಿಗೆ ಉರ್ದು ಮನೆಮಾತಾಗಿರಲಿಲ್ಲ; ತೆಲಂಗಾಣದ ತೆಲುಗರಿಗೂ ಮರಾಠವಾಡದ ಮರಾಠಿಗರಿಗೂ ಆಗಿರಲಿಲ್ಲ. ಉರ್ದು ಬೋಧನಾಭಾಷೆಯಾಗಿ ನಿಂತುದು ಅದು ನಿಜಾಮ್ ಸಂಸ್ಥಾನದ ಕಡತದ ಭಾಷೆಯಾಗಿದ್ದುದರಿಂದ. ಇಂಜಿನಿಯರನಾದವನು ಅದೇ ಭಾಷೆಯಲ್ಲಿ ಅಂದಾಜುಪಟ್ಟಿ ಬರೆಯಬಹುದಾಗಿತ್ತು. ಕಡತ ಬದಲಾದೊಡನೆ ತರಗತಿಯೂ ಬದಲಾಯಿತು.

ಇದೇ ಅಳತೆಗೋಲಿನಿಂದ ಮೈಸೂರನ್ನು ನೋಡೋಣ. ಇಲ್ಲಿ ಭಾಷೆಗೆ ಸಾಮರ್ಥ್ಯದ ಕೊರತೆಯಿರಲಿಲ್ಲ. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರತಂದು ಭೌತಶಾಸ್ತ್ರಾದಿ ವಿಷಯಗಳನ್ನು ಕನ್ನಡದಲ್ಲಿ ನಿರೂಪಿಸಬಹುದೆಂದು ತೋರಿಸಿಕೊಟ್ಟರು. ಪತ್ರಿಕೆ ನಡೆದುದು ಎರಡೇ ವರ್ಷ. ಅದನ್ನು ಓದಿದ ಹುಡುಗ ಇಂಜಿನಿಯರಿಂಗ್ ಕಾಲೇಜಿಗೆ ಬಂದಾಗ ಎಲ್ಲವೂ ಇಂಗ್ಲಿಷಿನಲ್ಲಿತ್ತು, ಏಕೆಂದರೆ ಸಂಸ್ಥಾನದ ತಾಂತ್ರಿಕ ಇಲಾಖೆಗಳ ನಕ್ಷೆ, ಅಂದಾಜು, ಯಂತ್ರದ ಕೈಪಿಡಿ ಎಲ್ಲವೂ ಇಂಗ್ಲಿಷಿನಲ್ಲಿದ್ದವು. ಇದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸಬೇಕು. ೧೯೫೬ರವರೆಗೆ ಕನ್ನಡಿಗರು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಧಾರವಾಡದವನು ಪುಣೆಗೆ, ಮಂಗಳೂರಿನವನು ಗಿಂಡಿಗೆ, ಕಲಬುರಗಿಯವನು ಹೈದರಾಬಾದಿಗೆ ಕಲಿಯಲು ಹೋಗಬೇಕಿತ್ತು. ಕನ್ನಡದಲ್ಲಿ ಕಲಿತವರನ್ನೆಲ್ಲ ಸೇರಿಸಿಕೊಳ್ಳಬಲ್ಲ ಒಂದೇ ಉದ್ಯೋಗದಾತ ಸಂಸ್ಥೆ ಅಂದು ಇರಲಿಲ್ಲ.

೮. ಎರಡು ತುದಿಗಳು

ಏಕೀಕರಣದ ಅನಂತರ ಆ ಕಾರಣ ಇಲ್ಲವಾಯಿತು. ವಿದ್ಯುತ್ ಮಂಡಳಿ ಒಂದಾಯಿತು. ಆದರೂ ವ್ಯಾಸಂಗದ ಭಾಷೆ ಬದಲಾಗಲಿಲ್ಲ. ಬದಲಾದುದು ತಂತಿಮಾರ್ಗದ ಕೆಳತುದಿಯ ಭಾಷೆ. ರೈತನಿಗೆ ಪರಿವರ್ತಕ ‘ಟಿಸಿ’ಯಾಯಿತು, ಮೂರು ಕಲೆಯ ವಿದ್ಯುತ್ತು ‘ತ್ರೀಫೇಸು’ ಆಯಿತು. ‘ಟಿಸಿ ಸುಟ್ಟಿತು’, ‘ಫ್ಯೂಸು ಹೋಯಿತು’, ‘ಲೈನು ಬಂತು’ ಎಂಬ ನುಡಿಗಟ್ಟುಗಳು ಕನ್ನಡದ ಕ್ರಿಯಾಪದಗಳ ಮೇಲೆ ನಿಂತವು. ವಿದ್ವಾಂಸರು ರೂಪಿಸಿದ ವಿಭವ, ರೋಧ, ಪ್ರೇರಣೆಗಳು ಶಾಲೆಯ ಪುಸ್ತಕದಲ್ಲಿ ಉಳಿದವು; ಕಂಬದ ಬಳಿಯ ಮಾತು ಕೋಶಕ್ಕೆ ಬರಲಿಲ್ಲ; ಪದವಿಯ ತರಗತಿ ಇವೆರಡನ್ನೂ ಬಳಸಲಿಲ್ಲ. ಹೀಗೆ ಒಂದೇ ತಂತಿಯ ಎರಡು ತುದಿಗಳಲ್ಲಿ ಎರಡು ಭಾಷೆಗಳು ನೆಲೆಗೊಂಡವು.

ಇದು ಬರಿಯ ಭಾಷಾಭಿಮಾನದ ಪ್ರಶ್ನೆಯಲ್ಲ. ಕಂಬ ಹತ್ತುವ ಮಾರ್ಗದಾಳು ‘ಲೈನ್ ಕ್ಲಿಯರ್’ ಪಡೆದಿರಬೇಕು. ಕೇಂದ್ರದಲ್ಲಿ ಸ್ವಿಚ್ಚು ತೆಗೆದಿದ್ದರೂ ಗ್ರಾಹಕನೊಬ್ಬನ ಜನರೇಟರಿನಿಂದ ಪರಿವರ್ತಕದ ಮೂಲಕ ಹಿಮ್ಮುಖವಾಗಿ ಹರಿದ ವಿದ್ಯುತ್ತು ಅದೇ ತಂತಿಗೆ ಬರಬಹುದು. ಮನೆಯ ಮಟ್ಟದ ವೋಲ್ಟನ್ನು ಪರಿವರ್ತಕವು ಹಿಮ್ಮುಖದಲ್ಲಿ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಆದುದರಿಂದಲೇ ಕೆಲಸಕ್ಕೆ ಮೊದಲು ತಂತಿಯನ್ನು ಭೂಮಿಗೆ ಜೋಡಿಸಬೇಕು. ಈ ಕಾರ್ಯಕಾರಣವನ್ನು ಇಂಜಿನಿಯರು ಇಂಗ್ಲಿಷಿನಲ್ಲಿ ಕಲಿತಿರುತ್ತಾನೆ, ಮಾರ್ಗದಾಳಿಗೆ ಕನ್ನಡದಲ್ಲಿ ಹೇಳಬೇಕಾಗುತ್ತದೆ. ಹೇಳುವ ಕನ್ನಡವನ್ನು ಅವನಿಗೆ ಯಾವ ತರಗತಿಯೂ ಕಲಿಸಿಲ್ಲ. ‘ಅರ್ತು ಮಾಡು’ ಎಂಬ ಆಜ್ಞೆ ತಲುಪಿ ಅದರ ಕಾರಣ ತಲುಪದೆ ಹೋದರೆ ತೆರಬೇಕಾದ ಬೆಲೆ ಜೀವದ್ದು.

ಇತ್ತೀಚಿನ ಪ್ರಯತ್ನಗಳನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ ೨೦೧೦ರಲ್ಲಿ ತಮಿಳು ಮಾಧ್ಯಮವನ್ನು ಆರಂಭಿಸಿದಾಗ ಆಯ್ದುಕೊಂಡದ್ದು ಸಿವಿಲ್ ಮತ್ತು ಮೆಕ್ಯಾನಿಕಲ್ ಶಾಖೆಗಳನ್ನು. ವಿದ್ಯುತ್ ಶಾಖೆ ಅದರಲ್ಲಿ ಇರಲಿಲ್ಲ. ೨೦೨೧ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅವಕಾಶ ನೀಡಿತು. ಕರ್ನಾಟಕದಲ್ಲಿ ಅದಕ್ಕೆ ದೊರೆತ ಸ್ಪಂದನ ಅತ್ಯಲ್ಪ. ವಿದ್ಯಾರ್ಥಿಗಳಲ್ಲಿ ಅಭಿಮಾನವಿಲ್ಲವೆಂದು ಇದನ್ನು ವ್ಯಾಖ್ಯಾನಿಸುವುದು ಅನ್ಯಾಯ. ಪರೀಕ್ಷೆಯ ಭಾಷೆಯನ್ನು ಬದಲಾಯಿಸಿ ಕಡತದ ಭಾಷೆಯನ್ನು ಹಾಗೆಯೇ ಬಿಟ್ಟರೆ ವಿದ್ಯಾರ್ಥಿ ಯಾವುದನ್ನು ಆಯ್ದುಕೊಳ್ಳುತ್ತಾನೆಂಬುದಕ್ಕೆ ಹೈದರಾಬಾದು ಎಂದೋ ಉತ್ತರ ಕೊಟ್ಟಿದೆ. ೧೯೯೮ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕನ್ನಡವನ್ನು ಪ್ರತ್ಯೇಕ ವಿಷಯವಾಗಿ ವ್ಯಾಸಂಗದಲ್ಲಿ ಸೇರಿಸಿದೆ. ಸ್ವಾಗತಾರ್ಹವಾದುದೇ, ಆದರೆ ಅಲ್ಲಿ ಕನ್ನಡವು ವಿದ್ಯುತ್ತಿನ ಪಕ್ಕದಲ್ಲಿ ಕುಳಿತಿದೆ, ವಿದ್ಯುತ್ತನ್ನು ಕುರಿತು ಮಾತನಾಡುತ್ತಿಲ್ಲ.

೯. ಆಗಬೇಕಾದ ಕೆಲಸ

ಈ ಅವಲೋಕನದಿಂದ ಸಂಶೋಧನೆಗೆ ಮೂರು ಕೆಲಸಗಳು ಒದಗುತ್ತವೆ. ಮೊದಲನೆಯದು, ಬೆಂಗಳೂರು, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು ಮತ್ತು ಕಾಶಿಗಳ ಹಳೆಯ ಪಠ್ಯಕ್ರಮ, ಪ್ರಶ್ನೆಪತ್ರಿಕೆ ಹಾಗೂ ವಾರ್ಷಿಕ ವರದಿಗಳನ್ನು ವಿದ್ಯುತ್ ಯೋಜನೆಗಳ ಕಾಲಾನುಕ್ರಮದೊಡನೆ ಇಟ್ಟು ಓದುವುದು; ಹೊರನಾಡಿನಲ್ಲಿರುವ ಸಂಶೋಧಕರಿಗೆ ಈ ಆಕರಗಳು ನಮ್ಮ ರಾಜ್ಯದೊಳಗಿನವರಿಗಿಂತ ಸಮೀಪ. ಎರಡನೆಯದು, ಉಸ್ಮಾನಿಯಾದ ಉರ್ದು ಪಾರಿಭಾಷಿಕ ಪದಗಳ ಪೈಕಿ ಕಲ್ಯಾಣ ಕರ್ನಾಟಕದ ಕನ್ನಡದಲ್ಲಿ ಯಾವುವಾದರೂ ಉಳಿದಿವೆಯೇ ಎಂಬುದನ್ನು ಪರಿಶೀಲಿಸುವುದು. ಮೂರನೆಯದು ಹಾಗೂ ತುರ್ತಿನದು, ಮಾರ್ಗದಾಳುಗಳ, ಮೋಟಾರು ಸುತ್ತುವವರ, ಪಂಪು ದುರಸ್ತಿ ಮಾಡುವವರ ಕನ್ನಡವನ್ನು ಪ್ರದೇಶವಾರು ಸಂಗ್ರಹಿಸುವುದು. ಕೃಷಿ, ನೇಯ್ಗೆ, ಮೀನುಗಾರಿಕೆಗಳಂತಹ ವೃತ್ತಿಗಳ ಪದಗಳನ್ನು ಕಲೆಹಾಕಿದ ಪರಂಪರೆ ನಮ್ಮಲ್ಲಿದೆ. ವಿದ್ಯುತ್ತೂ ಈ ನಾಡಿನಲ್ಲಿ ನೂರಿಪ್ಪತ್ತು ವರ್ಷ ದಾಟಿದ ವೃತ್ತಿ.

ಮುಂದೆಂದಾದರೂ ಕನ್ನಡದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪಠ್ಯವೊಂದು ನಿಲ್ಲುವುದಾದರೆ ಅದು ಕೋಶದ ಪದಗಳಿಂದಷ್ಟೇ ನಿಲ್ಲಲಾರದು. ಕಂಬದ ಬಳಿಯ ಮಾತೂ ಕಡತದ ಮಾತೂ ಅದರಲ್ಲಿ ಕೂಡಬೇಕು. ಅಂತಹ ಪಠ್ಯವನ್ನು ಬರೆಯುವ ಹೊಣೆ ಇಂಜಿನಿಯರುಗಳದು. ಅದಕ್ಕೆ ಬೇಕಾದ ಚರಿತ್ರೆಯನ್ನೂ ಪದಸಂಪತ್ತನ್ನೂ ಒದಗಿಸುವ ಹೊಣೆ ಕನ್ನಡ ವಿಭಾಗಗಳದು.